ಕಣ್ಣು ಮುಚ್ಚಿ ಆಡಿದ ಮಾತು

ನಮ್ಮ ಚರ್ಚಿನ ಸಭೆಯಲ್ಲಿ ನಾನು ಚೆನ್ನಾಗಿ ಪ್ರಾರ್ಥನೆ ಮಾಡುವವಳೆಂದು ಹೆಸರಾಗಿದ್ದೆ. ಜಂಬಕ್ಕೆ ಹೇಳುತ್ತಿಲ್ಲ; ಈಗ ಆ ಹೆಸರು ನೆನಪಾದರೂ ಸುಸ್ತಾಗುತ್ತದೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳಿಗೆ ವಾಕ್ಯಕ್ಕೆ ವಾಕ್ಯ ಜೋಡಿಸುವುದು ಎಷ್ಟರ ಕೆಲಸ? ಮಂಗಳೂರಿನ ಶಕ್ತಿನಗರದ ನಮ್ಮ ಆಸುಪಾಸಿನಲ್ಲಿ ಹನ್ನೆರಡು ಕ್ರೈಸ್ತ ಮನೆಗಳಿವೆ. ಪ್ರತಿ ಶುಕ್ರವಾರ ಸಂಜೆ ಸರದಿಯಂತೆ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ. ಎರಡು ಹಾಡು, ಬೈಬಲಿನಿಂದ ಒಂದು ವೇದಪಾಠ, ಆಮೇಲೆ ‘ಪ್ರಾರ್ಥನೆ ವಿಷಯ’ ಕೇಳುತ್ತಾರೆ: ಯಾರಿಗೆ ಕಾಯಿಲೆ, ಯಾರ ಮಗಳಿಗೆ ಪರೀಕ್ಷೆ, ಯಾರ ವೀಸಾ ಇನ್ನೂ ಬಂದಿಲ್ಲ. ಅದನ್ನೆಲ್ಲ ಒಟ್ಟು ಮಾಡಿ ಒಬ್ಬರು ಗಟ್ಟಿಯಾಗಿ ದೇವರಿಗೆ ಒಪ್ಪಿಸಬೇಕು. ಆ ಒಬ್ಬರು ಹೆಚ್ಚಾಗಿ ನಾನೇ. ಕೊನೆಗೆ ಚಾ, ಗೋಳಿಬಜೆ.

ಆ ಕೂಟದಲ್ಲಿ ಒಂದು ದಿನವೂ ಬಾಯಿ ಬಿಟ್ಟು ಪ್ರಾರ್ಥಿಸದವರು ಒಬ್ಬರಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ವಿಧವೆ, ನಮ್ಮಿಂದ ಮೂರು ಮನೆ ಆಚೆ. ಅವರನ್ನು ಊರೆಲ್ಲ ಸಿಸ್ಟರ್ ಎಂದೇ ಕರೆಯುವುದು, ನನ್ನನ್ನು ಟೀಚರ್ ಎಂದು. ಯಾರಾದರೂ ಒತ್ತಾಯ ಮಾಡಿದರೆ, ನನಗೆ ಬರುವುದಿಲ್ಲ ಎಂದು ಹೇಳಿ ಚಾ ಲೋಟ ತೊಳೆಯಲು ಎದ್ದು ಹೋಗುತ್ತಿದ್ದರು. ಪಾಪ, ವಿಶ್ವಾಸದಲ್ಲಿ ಇನ್ನೂ ಎಳೆಯದು ಎಂದು ನಾನು ಮನಸ್ಸಿನಲ್ಲೇ ಕನಿಕರಪಡುತ್ತಿದ್ದೆ. ಕನಿಕರಕ್ಕೇನು, ಅದನ್ನು ಹಂಚಲು ನನಗೆ ಯಾವತ್ತೂ ಕೊರತೆಯಾಗಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಪದ, ‘ಹೌದು’. ಹಸಿವಾದರೂ ಹೌದು, ನೋವಾದರೂ ಹೌದು, ಬೇಡವೆಂದಾದರೂ ಹೌದು. ಮೊದಲ ತಿಂಗಳು ಸಭೆಯವರೆಲ್ಲ ಬಂದರು. ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ದೇವರು ತಾಳ್ಮೆ ಕೊಡಲಿ ಎಂದರು, ಚಾ ಕುಡಿದು ಹೋದರು. ಲೋಟ ತೊಳೆದು ತೊಳೆದು ನನ್ನ ತಾಳ್ಮೆ ಮುಗಿಯಿತು. ಸಿಸ್ಟರ್ ಬಂದವರು ಮಾತ್ರ ನನ್ನ ಗಂಡನ ಕೈಯನ್ನು ಎತ್ತಿ ನೋಡಿ, ಉಗುರು ಬೆಳೆದಿದೆ, ಕತ್ತರಿ ಎಲ್ಲಿದೆ ಎಂದು ಕೇಳಿದರು. ಅಂದಿನಿಂದ ಪ್ರತಿ ಶನಿವಾರ ಹತ್ತು ಗಂಟೆಗೆ ಬರತೊಡಗಿದರು. ಗಡ್ಡ ಹೆರೆಯುವುದು, ಉಗುರು ತೆಗೆಯುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿ ಎಣ್ಣೆ ಹಚ್ಚುವುದು. ನಾನು ಅಷ್ಟು ಹೊತ್ತು ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ವಾರದಲ್ಲಿ ಅದೊಂದೇ ನನ್ನ ಬಿಡುವು.

ದೇವರ ಮೇಲೆ ನನಗೆ ಸಿಟ್ಟಿದೆ ಎಂಬುದನ್ನು ನಾನು ಹೇಳಿಕೊಂಡದ್ದು ಅವರೊಬ್ಬರ ಹತ್ತಿರ. ಅವರು ಬೆಚ್ಚಿ ಬೀಳಲಿಲ್ಲ, ಉಪದೇಶ ಮಾಡಲಿಲ್ಲ. ಅದಾಗಿ ಕೆಲವು ವಾರ ಕಳೆದು, ರೇಜರ್ ತೊಳೆಯುತ್ತಾ ಅವರೂ ತಮ್ಮದೊಂದು ಹೇಳಿದರು. ಒಬ್ಬನೇ ಮಗ ಮಸ್ಕತ್‌ನಲ್ಲಿದ್ದಾನೆ ಎಂದು ನಾವೆಲ್ಲ ನಂಬಿದ್ದೆವು. ಅವನು ಅಲ್ಲಿಲ್ಲ. ಕುಡಿತದಿಂದ ಕೆಲಸ ಹೋಗಿ ವಾಪಸು ಬಂದು, ಬೇರೆ ಜಿಲ್ಲೆಯ ಒಂದು ಕುಡಿತ ಬಿಡಿಸುವ ಕೇಂದ್ರದಲ್ಲಿ ಇದ್ದಾನೆ. “ನಿಮಗೆ ಮಾತ್ರ ಹೇಳಿದ್ದು, ಟೀಚರ್. ಅವನಿಗೆ ಊರಲ್ಲಿ ಮುಖ ಎತ್ತಿ ನಡೆಯುವ ಹಾಗೆ ಆಗ್ಬೇಕು. ಅಷ್ಟೇ.”

ಮುಂದಿನ ಶುಕ್ರವಾರ ಕೂಟ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರ ಮನೆಯಲ್ಲಿತ್ತು. ಆ ವಾರವೆಲ್ಲ ನನಗೆ ನಿದ್ದೆ ಇರಲಿಲ್ಲ. ಇದನ್ನು ಸಬೂಬಾಗಿ ಹೇಳುತ್ತಿದ್ದೇನೋ ಏನೋ, ನನಗೇ ಗೊತ್ತಿಲ್ಲ. ಎಲ್ಲರೂ ಕಣ್ಣು ಮುಚ್ಚಿದರು, ನಾನು ಆರಂಭಿಸಿದೆ. ಪ್ರಾರ್ಥನೆ ಬಹಳ ಚೆನ್ನಾಗಿ ಹೋಗುತ್ತಿತ್ತು. ಯಾರೋ ಮೂಗು ಸೇದುವುದು ಕೇಳಿತು. ನನ್ನ ಕಣ್ಣೂ ಒದ್ದೆಯಾಗಿತ್ತು. ಆ ಉಮೇದಿನಲ್ಲಿ ಬಾಯಿಯಿಂದ ಬಂತು: “ಈ ಕೂಟದಲ್ಲಿ ಮೌನವಾಗಿಯೇ ಮೊರೆಯಿಡುವ ನಮ್ಮ ಸಹೋದರಿಯ ಮಗನನ್ನು, ದೂರದೇಶದಿಂದ ಬರಿಗೈಯಲ್ಲಿ ಮರಳಿದ ಆ ಮಗನನ್ನು, ಕುಡಿತದ ಬಂಧನದಿಂದ ಬಿಡಿಸು, ಕರ್ತನೇ.”

ಹೆಸರು ಹೇಳಲಿಲ್ಲ. ಹೆಸರು ಹೇಳಲಿಲ್ಲವಲ್ಲ ಎಂದು ಎಷ್ಟೋ ದಿನ ನನ್ನಷ್ಟಕ್ಕೆ ವಾದಿಸಿದ್ದೇನೆ. ಆದರೆ ಆ ಕೂಟದಲ್ಲಿ ಮೌನವಾಗಿರುವ ಸಹೋದರಿ ಇದ್ದದ್ದೇ ಒಬ್ಬರು. ಮ್ಯಾನೇಜರರು ಗಟ್ಟಿಯಾಗಿ ಆಮೆನ್ ಎಂದರು. ಕಣ್ಣು ಬಿಟ್ಟು ನೋಡಿದರೆ ಎಲ್ಲರೂ ಹಾಡಿನ ಪುಸ್ತಕವನ್ನು ಮಗುಚುತ್ತಿದ್ದರು, ಹಾಡುವುದು ಮುಗಿದು ಅರ್ಧ ಗಂಟೆಯಾಗಿತ್ತು. ಸಿಸ್ಟರ್ ಎಂದಿನಂತೆ ಎದ್ದು ಎಲ್ಲರಿಗೂ ಚಾ ಕೊಟ್ಟರು, ನನಗೂ ಕೊಟ್ಟರು. ಯಾವಾಗಲೂ ನಾವಿಬ್ಬರೂ ಜೊತೆಯಲ್ಲಿ ಮನೆಗೆ ನಡೆಯುವುದು. ಅಂದು ನಾನು ಗೇಟಿಗೆ ಬರುವಷ್ಟರಲ್ಲಿ ಅವರು ತಿರುವು ದಾಟಿದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ತರಗತಿಗಳಲ್ಲಿ ಬೋರ್ಡಿನ ಮೇಲೆ ಬರೆಸಿದವಳು ನಾನು! ಒಂದು ವಾರದೊಳಗೆ ಸಿಸ್ಟರ್ ಮನೆಗೆ ಸಾಂತ್ವನದ ಮೆರವಣಿಗೆಯೇ ಹೋಯಿತು. ಮೂರು ತಿಂಗಳು ಕಳೆದು ಮಗ ಕೇಂದ್ರದಿಂದ ಮನೆಗೆ ಬಂದ, ಕುಡಿತ ಬಿಟ್ಟೇ ಬಂದ. ಬಲ್ಮಠಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ನಮ್ಮ ಸಭೆಯ ಹಿರಿಯರೊಬ್ಬರು ಅವನ ಬೆನ್ನು ತಟ್ಟಿ, ನಿನಗೋಸ್ಕರ ನಾವೆಲ್ಲ ಪ್ರಾರ್ಥಿಸುತ್ತಿದ್ದೇವೆ ಎಂದು ಹತ್ತು ಜನಕ್ಕೆ ಕೇಳುವಂತೆ ಹೇಳಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹುಡುಗ ಮುಂದಿನ ಸ್ಟಾಪಿನಲ್ಲಿ ಇಳಿದು ಮನೆಗೆ ನಡೆದು ಬಂದನಂತೆ. ಯಾರಿಗೆಲ್ಲ ಹೇಳಿದ್ದಿ ಎಂದು ತಾಯಿಯನ್ನು ಕೇಳಿದನಂತೆ. ತಿಂಗಳಾಗುವ ಮೊದಲು ಉಡುಪಿಯ ಕಡೆ ಕೆಲಸ ಹುಡುಕಿಕೊಂಡು ಹೋದ. ನಮ್ಮ ದೇವಾಲಯದ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ಮನಸ್ತಾಪ ಇಟ್ಟುಕೊಂಡು, ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಹೋಗಬಾರದು ಎಂಬುದು ನಮ್ಮ ಹಿರಿಯರ ಕಟ್ಟುನಿಟ್ಟು. ನನ್ನ ಅಮ್ಮ ಹಿಂದಿನ ದಿನವೇ ನೆರೆಮನೆಗೆ ಹೋಗಿ, ಜಗಳ ಆಡಿದವರ ಜೊತೆ ಎರಡು ಮಾತಾಡಿ ಬರುತ್ತಿದ್ದಳು. ನಾನೂ ಹಾಗೇ ಒಂದು ಶನಿವಾರ ಸಂಜೆ ಹೊರಟೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ದಾರಿ ಎಂದರೆ ಮೂರೇ ಮನೆ. ಸಿಸ್ಟರ್ ಹಿತ್ತಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದರು. ನನ್ನ ಅಹಂಕಾರ, ನನ್ನ ನಾಲಿಗೆ, ನನ್ನ ಪಾಪ ಎಂದು ಹತ್ತು ನಿಮಿಷ ಮಾತಾಡಿದೆ. ಅವರು ಕೊನೆತನಕ ಕೇಳಿದರು.

“ಕ್ಷಮೆ ಕೇಳುವುದು ಸಹ ನಿಮಗೆ ಎಷ್ಟು ಚೆಂದ ಬರ್ತದೆ, ಟೀಚರ್,” ಎಂದರು. ಗೇಲಿ ಮಾಡಿದ್ದಲ್ಲ, ದಣಿದು ಹೇಳಿದ್ದು. ಕೈ ತೊಳೆದುಕೊಂಡು ಮತ್ತೆ ಹೇಳಿದರು: “ಕ್ಷಮಿಸಿದ್ದೇನೆ. ನಾಳೆ ಧೈರ್ಯದಲ್ಲಿ ಭೋಜನಕ್ಕೆ ಹೋಗಿ. ಆದ್ರೆ ಇನ್ನು ನನ್ನ ಮನೆಯಲ್ಲಿ ಎಂತ ಉಂಟು, ಎಂತ ಇಲ್ಲ ಅಂತ ನೀವು ಕೇಳ್ಬೇಡಿ.”

ನನಗೆ ಸಿಟ್ಟು ಬಂತು. ಕ್ಷಮೆ ಸಿಕ್ಕಿದವಳಿಗೆ ಸಿಟ್ಟು! ಇದೆಂಥ ಕ್ಷಮೆ, ಬಾಗಿಲು ತೆರೆದು ಅಂಗಳದಲ್ಲೇ ನಿಲ್ಲಿಸಿದ ಹಾಗೆ ಎಂದು ಗೊಣಗುತ್ತಾ ಬಂದೆ. ಮರುದಿನ ರೊಟ್ಟಿಯ ಚೂರು ಅಂಗುಳಿಗೆ ಅಂಟಿಕೊಂಡು ಇಳಿಯಲೇ ಇಲ್ಲ.

ಆದರೂ ಆ ಕೂಟದ ನಂತರವಾಗಲಿ, ಇದರ ನಂತರವಾಗಲಿ ಅವರು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಹತ್ತು ಗಂಟೆಗೆ ಬಂದರು, ಗಡ್ಡ ಹೆರೆದರು, ನಳ್ಳಿಯಲ್ಲಿ ನೀರು ಬಂದಿಲ್ಲ, ಬಂದರಿನಿಂದ ಮೀನು ಬಂದಿಲ್ಲ ಎಂದು ನನ್ನೊಡನೆ ಮಾತಾಡಿ ಹೋದರು. ಬರದೇ ಇದ್ದಿದ್ದರೆ ನಾನು ಇಷ್ಟು ನೋಯುತ್ತಿರಲಿಲ್ಲ. ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ, ಅಡುಗೆಮನೆಯಲ್ಲಿದ್ದ ನನಗೆ ಕೋಣೆಯಿಂದ ಅವರ ಧ್ವನಿ ಕೇಳಿತು. ತಗ್ಗಿದ ಧ್ವನಿ, ನಿಲ್ಲದ ಮಾತು. ನಡುನಡುವೆ ನನ್ನ ಗಂಡನ ‘ಹೌದು’. ಮಗನ ವಿಷಯವನ್ನೆಲ್ಲ ಅವರಿಗೆ ಹೇಳುತ್ತಿದ್ದರು. ಅವರಿಗಾದರೆ ಹೇಳಬಹುದು, ಅವರು ಎಲ್ಲಿ ಹೋಗಿ ಪ್ರಾರ್ಥಿಸಬೇಕು?

ಹೊಟ್ಟೆ ಉರಿಯಿತು. ಮಾತು ಬಾರದ ಗಂಡನ ಮೇಲೆ ಹೊಟ್ಟೆಕಿಚ್ಚುಪಟ್ಟ ಹೆಂಗಸು ಮಂಗಳೂರಲ್ಲಿ ನಾನೊಬ್ಬಳೇ ಇರಬೇಕು. ಎರಡು ಶನಿವಾರ ಪರದೆಯ ಹಿಂದೆ ನಿಂತು ಕದ್ದು ಕೇಳಿದೆ. ಎರಡನೆಯ ಸಲ ಒಳಗೆ ನುಗ್ಗಿ ಒಂದು ಬುದ್ಧಿಮಾತು ಹೇಳಿಬಿಡಬೇಕೆಂದು ಕಾಲು ಮುಂದಿಟ್ಟವಳು, ನನ್ನ ಬಗ್ಗೆ ನನಗೇ ಹೇಸಿಗೆಯಾಗಿ ಹಿಂದೆ ಸರಿದೆ. ಮೂರನೆಯ ಶನಿವಾರ ಬಕೆಟ್ ಹಿಡಿದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅಲ್ಲಿಗೆ ಮಾತು ಕೇಳಿಸುವುದಿಲ್ಲ. ಪರಿಶುದ್ಧಳಾಗಿ ಹೋದದ್ದಲ್ಲ, ಸಾಕಾಗಿ ಹೋದದ್ದು. ಸಿಸ್ಟರಿಗೋಸ್ಕರ ಪ್ರಾರ್ಥಿಸೋಣವೆಂದು ಕಣ್ಣು ಮುಚ್ಚಿದರೆ ಒಂದು ವಾಕ್ಯವೂ ಕೂಡಿ ಬರಲಿಲ್ಲ. ಕರ್ತನೇ ಎಂದೆ, ಮುಂದೆ ಏನೂ ಇಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗುತ್ತಿತ್ತು. ಬಿಸಿಲಲ್ಲಿ ಹಾಗೇ ಕೂತೆ.

ಆಮೇಲೆ ಪ್ರತಿ ಶನಿವಾರ ಹಾಗೇ ಕೂತೆ. ಶುಕ್ರವಾರದ ಕೂಟದಲ್ಲಿ ಗಂಟಲು ಸರಿಯಿಲ್ಲವೆಂದು ಸುಳ್ಳು ಹೇಳಿ ಪ್ರಾರ್ಥನೆಯ ಕೆಲಸವನ್ನು ಮ್ಯಾನೇಜರರಿಗೆ ಬಿಟ್ಟುಕೊಟ್ಟೆ. ಅವರದು ಮೀಟಿಂಗಿನ ವರದಿ ಓದಿದ ಹಾಗಿರುತ್ತದೆ, ಆದರೆ ಯಾರ ಗುಟ್ಟೂ ಹೊರಗೆ ಬರುವುದಿಲ್ಲ. ನಲವತ್ತು ವರ್ಷ ಪಾದ್ರಿಗಳ ಪ್ರಸಂಗ ಕೇಳಿದೆ, ಭಾನುವಾರದ ಶಾಲೆಯಲ್ಲಿ ಕಲಿಸಿದೆ. ನನ್ನ ವಿಶ್ವಾಸ ಬೆಳೆದದ್ದು ಅದರಿಂದೆಲ್ಲ ಎಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ನಾನು ನೋಯಿಸಿದ ಒಬ್ಬರು ವಾರವಾರವೂ ಬಂದು ನನ್ನ ಗಂಡನ ಕಾಲುಗುರು ತೆಗೆಯುತ್ತಿದ್ದರಲ್ಲ, ನನಗೆ ಬುದ್ಧಿ ಬಂದದ್ದಿದ್ದರೆ ಅದರಿಂದ. ಇದು ಸುಖದ ಕಲಿಕೆಯೇನೂ ಅಲ್ಲ. ಅವರ ನೆರಳು ಬಾಗಿಲಲ್ಲಿ ಕಂಡಾಗಲೆಲ್ಲ ನನಗೆ ಸಮಾಧಾನವೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಒಂದು ವರ್ಷ ಮಿಕ್ಕಿತು. ಕಳೆದ ತಿಂಗಳು ಒಂದು ಶನಿವಾರ ಸಿಸ್ಟರ್ ಹಿಂಬಾಗಿಲಿಗೆ ಬಂದು ನಿಂತರು. ಕೈತುಂಬ ಸೋಪಿನ ನೊರೆ.

“ಪ್ರತಿ ವಾರ ಇಲ್ಲಿ ಬಂದು ಎಂತ ಮಾಡ್ತೀರಿ, ಟೀಚರ್? ಬಟ್ಟೆ ಸಹ ಒಗೆಯುವುದಿಲ್ಲ.”

ಏನೋ ಒಂದು ನೆಪ ಹೇಳಬಹುದಿತ್ತು. “ನಿಮ್ಮ ಮಾತು ನನ್ನ ಕಿವಿಗೆ ಬೀಳಬಾರದು ಅಂತ,” ಎಂದೆ.

ಅವರು ನೊರೆಯ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಬಿಸಿಲಲ್ಲಿ ಕೂತು ತಲೆನೋವು ಮಾಡ್ಕೊಳ್ಬೇಡಿ. ಒಳಗೆ ಬನ್ನಿ,” ಎಂದು ಹೊರಳಿದರು.

ಒಳಗೆ ಹೋಗಿ ಮಂಚದ ಕಾಲ ಬಳಿ ಕೂತೆ. ಅವರು ನನ್ನ ಗಂಡನ ಎಡಗೆನ್ನೆಗೆ ರೇಜರ್ ಇಟ್ಟು, ಬಿಟ್ಟ ಕಡೆಯಿಂದ ಮಾತು ಮುಂದುವರಿಸಿದರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವರು ಹೇಳುತ್ತಿದ್ದುದು ಗಂಡನಿಗಲ್ಲ, ನನಗೆ. ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹಳೆಯದನ್ನೆಲ್ಲ ಬರೆಯಲು ತಾಯಿ, ಮಗ ಇಬ್ಬರನ್ನೂ ಕೇಳಿಯೇ ಕೂತವಳು ನಾನು. ಇದನ್ನು ಬರೆಯಲೇ ಎಂದು ಕೇಳಲೂ ಇಲ್ಲ.

ಹೇಳಿ ಮುಗಿಸಿದಾಗ ಅವರ ಕಣ್ಣು ತುಂಬಿತ್ತು. ಇಂಥ ಕಡೆ ನಮ್ಮವರೆಲ್ಲ ಹೇಳುವ ಒಂದು ಮಾತಿದೆ, ‘ಬನ್ನಿ, ಪ್ರಾರ್ಥನೆ ಮಾಡುವ’ ಎಂದು. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ. ಅವರು ಟವೆಲ್ ಕೇಳಿದರು, ಎದ್ದು ಕೊಟ್ಟೆ.