ಒಂದು ಗಂಟೆಗೆ ಬರ್ತಾರೆ

ಅಲುಗಾಡದ ನೆಲದ ಮೇಲೂ ಅವರು ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು. ಮೂವತ್ತೆರಡು ವರ್ಷ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದವರು. ರಿಟೈರಾದರೂ ಕಾಲುಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಬಲಗೈ ಮೇಲೆತ್ತಿ ಇಲ್ಲದ ಕಂಬಿ ಹಿಡಿಯಲು ಹೋಗುವರು. "ಇಳೀರಿ ಕಂಡಕ್ಟರಣ್ಣ, ಸ್ಟಾಪ್ ಬಂತು" ಎಂದು ನಾನು ರೇಗಿಸುತ್ತಿದ್ದೆ.

ತುಮಕೂರಿನ ನಮ್ಮ ಬೀದಿಯಲ್ಲಿ ನನ್ನದು ಹಿಟ್ಟಿನ ಮಿಲ್ಲು, ಎದುರಿನ ಬಾಡಿಗೆ ಮನೆ ಅವರದು. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಅವರು ಮತ್ತು ಮಗಳು ಪುಟ್ಟಿ, ಇಬ್ಬರೇ. ಪುಟ್ಟಿಗೆ ಮೂವತ್ತನಾಲ್ಕು ವರ್ಷ, ಬುದ್ಧಿ ಮಾತ್ರ ಏಳೆಂಟು ವರ್ಷದ ಮಗುವಿನದು ಎಂದು ಡಾಕ್ಟರು ಹೇಳಿದ್ದರಂತೆ. ಆ ಡಾಕ್ಟರು ನನ್ನ ಮಿಲ್ಲಿಗೆ ಬಂದು ನೋಡಬೇಕಿತ್ತು. ಇಪ್ಪತ್ತು ಡಬ್ಬಿ ಸಾಲಾಗಿಟ್ಟಿದ್ದರೂ ಯಾವುದು ಯಾರ ಮನೆಯದು ಎಂದು ಒಂದೂ ತಪ್ಪದೆ ಹೇಳುತ್ತಿದ್ದಳು.

ಮಂಗಳವಾರ ಮಿಲ್ಲಿಗೆ ರಜೆ. ಅಂದು ಬೆಳಿಗ್ಗೆ ಹತ್ತಕ್ಕೆ ಅವರು "ಪುಟ್ಟೀ, ಇವತ್ತು ಅಪ್ಪ ಇಲ್ಲ" ಎಂದು ಹೇಳಿ ಹೊರಬಿದ್ದು, ನನ್ನ ಮಿಲ್ಲಿನೊಳಗೆ ಬಂದು ಅಡಗಿ ಕೂರುವರು. ಒಂದು ಗಂಟೆಯವರೆಗೆ ಅವಳು ಒಬ್ಬಳೇ ಇರಬೇಕು. ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು, ಅನ್ನ ಮಾಡಿ ಸ್ಟೌ ಆರಿಸಬೇಕು, ಬಟ್ಟೆ ಮಡಚಬೇಕು. ಯಾರಾದರೂ ಬಾಗಿಲು ತಟ್ಟಿದರೆ ತೆಗೆಯದೆ ಕಿಟಕಿಯಿಂದಲೇ "ಅಪ್ಪ ಇಲ್ಲ, ಒಂದು ಗಂಟೆಗೆ ಬರ್ತಾರೆ" ಎನ್ನಬೇಕು. "ಬರಲ್ಲ ಅಂತ ಮಾತ್ರ ಯಾರ್ಗೂ ಹೇಳ್ಬ್ಯಾಡ ಕಣವ್ವಾ, ಜನ ಹೆಂಗಿರ್ತಾರೋ" ಎಂದು ನೂರು ಸಲ ಹೇಳಿಕೊಟ್ಟಿದ್ದರು.

ಹೇಳಿಕೊಟ್ಟವರ ಪಾಡು ಕೇಳಬೇಡಿ. ಅರ್ಧ ಎಳೆದ ಷಟರ್ ಕೆಳಗೆ ಬಗ್ಗಿ ಬಗ್ಗಿ ಎದುರುಮನೆ ನೋಡುವುದೇ ಅವರ ಕೆಲಸ. ಒಮ್ಮೆ ಸೀದ ವಾಸನೆ ಬಂತು. ಓಡಲು ಎದ್ದವರು ಬಾಗಿಲಲ್ಲೇ ನಿಂತುಬಿಟ್ಟರು.

"ಹೋಗ್ರಣ್ಣ, ಅದೇನ್ ಹಿಂಗ್ ನಿಂತ್ಬುಟ್ರಿ!" ಎಂದು ಬೈದೆ.

"ನಾನ್ ಸತ್ಮೇಲೆ ಎದ್ದು ಓಡಕ್ಕಾಯ್ತದಾ ತಂಗ್ಯಮ್ಮ?"

ಅಷ್ಟರಲ್ಲಿ ಎದುರುಮನೆಯ ಕಿಟಕಿ ತೆರೆಯಿತು. ಮೊದಲು ಹೊಗೆ ಬಂತು, ಆಮೇಲೆ ಪುಟ್ಟಿಯ ಮುಖ. ಸ್ಟೌ ಆರಿಸಿ, ಬೀದಿಯ ಕಡೆ ನೋಡುತ್ತಾ ನಿಂತಿದ್ದಳು. "ರೈಟ್" ಎಂದು ಕಂಡಕ್ಟರಣ್ಣ ಕುಸಿದು ಕುಳಿತರು. ಏನು ಸರಿಹೋದರೂ ಅವರ ಬಾಯಲ್ಲಿ ಅದೊಂದೇ ಮಾತು.

ಮನೆಯ ಮಾಲೀಕರು ಹಳೇ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟಾಗ ಊರು ಹುಡುಕುವುದು ಶುರುವಾಯಿತು. ಹೋದಲ್ಲೆಲ್ಲ ಪುಟ್ಟಿಯೂ ಜೊತೆಗೆ. ಕುಣಿಗಲ್ ಬೇಡವೆಂದರು: ರಸ್ತೆ ದಾಟುವಾಗ ಪುಟ್ಟಿ ನೋಡುವುದು ಒಂದೇ ಕಡೆ, ಅಲ್ಲಿ ಲಾರಿಗಳು ಎರಡೂ ಕಡೆ. ಕಡಬದಲ್ಲಿ ಅವರ ಅಪ್ಪನ ಕಾಲದ ತೋಟ, ಮನೆ ಎಲ್ಲ ಇತ್ತು, ಆದರೆ ಕೂಗಳತೆಯಲ್ಲಿ ಇನ್ನೊಂದು ಮನೆ ಇರಲಿಲ್ಲ. "ಅವ್ಳು ಕೂಗುದ್ರೆ ತೆಂಗಿನ್ಮರ ಓ ಅಂತಾವಾ?" ದೇವರಾಯನದುರ್ಗ ಪುಟ್ಟಿಗೆ ಬಹಳ ಹಿಡಿಸಿತ್ತು. ಅಲ್ಲಿನ ಕೋತಿಗಳಿಗೆ ಪುಟ್ಟಿಯ ಕೈಚೀಲ ಅದಕ್ಕಿಂತ ಹೆಚ್ಚು ಹಿಡಿಸಿತು.

"ನಿಮ್ಗೆ ಯಾವೂರೂ ಆಗಲ್ಲ ಬುಡಿ" ಎಂದೆ.

"ನಾನಿರಕ್ಕೆ ಯಾವೂರಾದ್ರೂ ಆಯ್ತದೆ. ನಾನಿಲ್ದಾಗ ಅವ್ಳಿರಕ್ಕೆ ಒಂದೂರು ಬೇಕು."

ಮುಂದಿನ ಮಂಗಳವಾರ ಷಟರ್ ಕಡೆಯೇ ಮುಖ ಮಾಡಿಕೊಂಡು ಕೇಳಿದರು. "ನೀನು ಈ ಬೀದೀಲಿ ಇನ್ನೆಷ್ಟ್ ವರ್ಷ ಇರ್ತೀಯಾ ತಂಗ್ಯಮ್ಮ?"

"ಯಾಕಣ್ಣ, ನನ್ ಮಿಲ್ ಮೇಲೆ ಕಣ್ಣಾ? ನಾಳೇನೇ ಮುಚ್ತೀನಿ, ತಗೊಳಿ!" ಎಂದು ನಕ್ಕೆ.

ಅವರೂ ನಕ್ಕರು. ರೈಟ್ ಅನ್ನಲಿಲ್ಲ. ತಿಂಗಳೊಳಗೆ ಗುಬ್ಬಿಯಲ್ಲಿ ತಂಗಿಯ ಮನೆಯ ಪಕ್ಕದಲ್ಲೇ ಮನೆ ಮಾಡಿ ಹೊರಟುಹೋದರು. ಸಾಮಾನು ತುಂಬಿದ ಟೆಂಪೋ ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಮಂಕುತಲೆಗೆ ಹೊಳೆಯಿತು. ಅವರು ಕೇಳಿದ್ದು ಮಿಲ್ಲಿನ ವಿಷಯವಲ್ಲ. "ನಾನ್ ಸತ್ಮೇಲೆ ಪುಟ್ಟಿಗೆ ನೀನಿರ್ತೀಯಾ" ಎಂದು ಕೇಳಿದ್ದರು. ಊರಿಗೆಲ್ಲ ಬಾಯಿ ಮಾಡುವ ನಾನು, "ಇರ್ತೀನಿ ಕಣಣ್ಣ" ಎಂಬ ಒಂದು ಮಾತು ಆಡಲಿಲ್ಲ. ನನಗೂ ಹಿಂದೆ ಮುಂದೆ ಯಾರಿದ್ದರು? ಆಮೇಲಿನ ಮಂಗಳವಾರಗಳಲ್ಲಿ ಅರ್ಧ ಷಟರ್ ಕೆಳಗೆ ನಾನೊಬ್ಬಳೇ ಕೂತಿರುತ್ತಿದ್ದೆ. ಎದುರಿಗೆ ಮನೆಯಿದ್ದ ಜಾಗದಲ್ಲಿ ಜಲ್ಲಿಯ ರಾಶಿ.

ಎರಡನೆಯ ವರ್ಷ ಸುದ್ದಿ ಬಂತು. ನಾನು ಗುಬ್ಬಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅವರ ತಂಗಿ ಜಗುಲಿಯ ಮೇಲೆ ಕೂತು ಅಳುತ್ತಿದ್ದರು. "ಒಳಗಿಂದ ಚಿಲ್ಕ ಹಾಕೊಂಡವ್ಳೆ ಕಣಮ್ಮ. ನಾನ್ ಕರುದ್ರೂ ತೆಗೀತಿಲ್ಲ" ಎಂದರು.

ನಾನು ಬಾಗಿಲು ತಟ್ಟಿದೆ. ಪುಟ್ಟಿ ಕಿಟಕಿಗೆ ಬಂದಳು. ಅವಳ ಹಿಂದೆ ಮಡಚಿದ ಬಟ್ಟೆ ಸಾಲಾಗಿತ್ತು, ಸ್ಟೌ ಆರಿತ್ತು. ಅಪ್ಪ ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಅವಳು ಮರೆತಿರಲಿಲ್ಲ.

"ಅಪ್ಪ ಇಲ್ಲ ಮಿಲ್ಲತ್ತೆ" ಎಂದಳು. "ಒಂದು ಗಂಟೆಗೆ ಬರ್ತಾರೆ."

ಆಗ ಸಂಜೆ ಐದಾಗಿತ್ತು.

ಈಗ ಪ್ರತಿ ಮಂಗಳವಾರ ಗುಬ್ಬಿ ಬಸ್ಸು ಹತ್ತುತ್ತೇನೆ. ಸರಿಯಾಗಿ ಒಂದು ಗಂಟೆಗೆ ಆ ಬಾಗಿಲು ತಟ್ಟುತ್ತೇನೆ. ಪುಟ್ಟಿ ಕಿಟಕಿಯಿಂದ ನನ್ನನ್ನು ನೋಡುತ್ತಾಳೆ, ನನ್ನ ಹಿಂದೆ ಬೀದಿಯ ಕೊನೆಯವರೆಗೂ ನೋಡುತ್ತಾಳೆ. ಆಮೇಲೆ ಚಿಲಕ ತೆಗೆಯುತ್ತಾಳೆ.