ಚೆಂಡುಹೂವಿನ ಹರಕೆ

ಹೂವು ಕಟ್ಟುವವರ ಕೈ ಹೂವಿನಷ್ಟೇ ಮೆತ್ತಗಿರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರು ಒಂದು ದಿನ, ಒಂದೇ ಒಂದು ದಿನ, ನೆನೆದ ದಾರ ಹಿಡಿದು ಕೂತು ನೋಡಲಿ. ನನ್ನ ದೊಡ್ಡವ್ವ ಕಲ್ಲವ್ವನ ಕೈ ನೋಡಿದವರು ಆಕೆ ಸುಣ್ಣದ ಭಟ್ಟಿಯಲ್ಲಿ ದುಡಿಯುವವಳು ಅಂದುಕೊಳ್ಳುತ್ತಿದ್ದರು.

ದೊಡ್ಡವ್ವ ಧಾರವಾಡದ ಕಡೆಯ ಹೂಗಾರರ ಮಗಳು. ಸಿದ್ದಲಿಂಗಪ್ಪನನ್ನು ಮದುವೆಯಾಗಿ ಪುಣೆಗೆ ಬಂದು ಮಂಡಯಿ ಎಂಬ ಕಾಯಿಪಲ್ಲೆ ಮಾರ್ಕೆಟ್ಟಿನ ಮಗ್ಗುಲಿನ ಹೂವಿನ ಅಂಗಡಿಯಲ್ಲಿ ಕೂತವಳು ಇಪ್ಪತ್ತು ವರ್ಷ ಏಳಲೇ ಇಲ್ಲ. ಗಿರಾಕಿಗಳ ಜೊತೆ ಮರಾಠಿಯಲ್ಲಿ ಹರಟೆ ಹೊಡೆಯುವುದು ದೊಡ್ಡಪ್ಪನ ಕೆಲಸ, ಕಟ್ಟುವುದು ಈಕೆಯ ಕೆಲಸ. ಮಂಡಯಿಯಲ್ಲಿ ಯಾರು ಕೈ ಕೊಯ್ದುಕೊಂಡರೂ ಆಕೆಯ ಬಳಿಗೇ ಓಡಿ ಬರುತ್ತಿದ್ದರು. ಚೆಂಡುಹೂವಿನ ಎಲೆ ಜಜ್ಜಿ, ರಸ ಹಿಂಡಿ, ಬಟ್ಟೆ ಕಟ್ಟಿ ಕಳಿಸುತ್ತಿದ್ದಳು. ಗಾಯ ಮಾಯುತ್ತಿತ್ತು. ಕಾಯಿಪಲ್ಲೆ ಮಾರುವ ಹೆಂಗಸರು ಆಕೆಗೆ ‘ಡಾಕ್ಟರೀಣಬಾಯಿ’ ಎಂದು ಹೆಸರಿಟ್ಟಿದ್ದರು.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಆಕೆಯ ಬೆರಳ ಸಂದಿಯಲ್ಲಿ ತುರಿಕೆ ಎದ್ದಿತು. ಆಮೇಲೆ ಗುಳ್ಳೆ, ಆಮೇಲೆ ಬಿರುಕು, ಬಿರುಕಿನಲ್ಲಿ ನೀರು. ದೊಡ್ಡವ್ವ ಏನು ಮಾಡಿಯಾಳು? ಊರಿಗೆಲ್ಲ ಹಿಂಡಿದ ಅದೇ ಎಲೆಯನ್ನು ತನಗೂ ಹಿಂಡಿಕೊಂಡಳು. ಹುಣ್ಣು ಹೆಚ್ಚಾದಷ್ಟೂ ರಸ ಹೆಚ್ಚು ಹಚ್ಚಿದಳು, ರಸ ಹೆಚ್ಚಿದಷ್ಟೂ ಹುಣ್ಣು ಹೆಚ್ಚಿತು. ಕೊನೆಗೆ ಸೀರೆಯ ನಿರಿಗೆ ಹಿಡಿಯಲೂ ಬಾರದಾದಾಗ ಆಕೆಯ ತಂಗಿ, ಅಂದರೆ ನಮ್ಮವ್ವ ಗಂಗೂಬಾಯಿ, ಬೈದು ದಂಡಿನ ಕ್ಯಾಂಪಿನ ಡಾಕ್ಟರರ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರು ಕೈ ತಿರುಗಿಸಿ ನೋಡಿ, ಏನೇನು ಮುಟ್ಟುತ್ತೀ ಎಂದು ಕೇಳಿ, ಚೆಂಡುಹೂವೂ ಶೇವಂತಿಗೆಯೂ ಈ ಮೈಗೆ ವಿಷ, ಇನ್ನು ಜನ್ಮದಲ್ಲಿ ಮುಟ್ಟಬೇಡ ಎಂದರು. ದೊಡ್ಡವ್ವ ನಕ್ಕುಬಿಟ್ಟಳಂತೆ.

ಆದರೂ ನಮ್ಮವ್ವ ಬಿಡಲಿಲ್ಲ. ನಮ್ಮಪ್ಪ ಸಾತಾರಾ ರಸ್ತೆಯ ಕೆಲಸದಲ್ಲಿ ಕೂಲಿಗಳ ಮೇಲೆ ಮುಕಾದಮನಾಗಿದ್ದ, ನಮ್ಮ ಮನೆ ಪುಣೆಯ ಹೊರಗೆ ಕಾತ್ರಜದಲ್ಲಿತ್ತು. ಬೇಸಿಗೆ ಕಳೆಯುವ ತನಕ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆಂದಳು. ಹೊರಡುವ ಮುಂಚೆ ದೊಡ್ಡವ್ವ ಓಣಿಯ ದೇವಿಗುಡಿಯ ಹೊಸ್ತಿಲಿಗೆ ಹಣೆ ಹಚ್ಚಿ ಹರಕೆ ಹೊತ್ತಳು. ಕೈ ಗುಣವಾದರೆ ನವರಾತ್ರಿಯಲ್ಲಿ ಘಟದ ಮೇಲೆ ದಿನಕ್ಕೊಂದು ಚೆಂಡುಹೂವಿನ ಹಾರ, ತನ್ನ ಕೈಯಾರೆ ಕಟ್ಟಿದ್ದು. ಹೂಗಾರರ ಮನೆಯವಳು ದೇವಿಗೆ ಬೇರೇನು ಕೊಟ್ಟಾಳು?

ಕಾತ್ರಜದಲ್ಲಿ ಹೂವಿರಲಿಲ್ಲ, ಕೈ ಗುಣವಾಯಿತು. ಕೊಬ್ಬರಿ ಎಣ್ಣೆ ಹಚ್ಚುವ ಕೆಲಸ ನನ್ನದು, ಹಾಗಾಗಿ ಹೊಸ ಚರ್ಮ ಬಂದದ್ದನ್ನು ಮೊದಲು ನೋಡಿದವಳೂ ನಾನೇ. ದೊಡ್ಡವ್ವ ಒಲೆಯ ಮುಂದೆ ಕೂತು ಬೇಕಿಲ್ಲದಿದ್ದರೂ ರೊಟ್ಟಿ ಬಡಿಯುತ್ತಿದ್ದಳು. ನನ್ನ ತಲೆ ಬಾಚಿ, ಬಿಚ್ಚಿ, ಮತ್ತೆ ಬಾಚುತ್ತಿದ್ದಳು. ಆಕೆ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆ ಕಾಣಲಿಲ್ಲ.

ಮಳೆ ಮುಗಿಯುತ್ತಿದ್ದಂತೆ ದೊಡ್ಡಪ್ಪ ಕರೆಯಲು ಬಂದ. ನಮ್ಮವ್ವ ಜಗಳಕ್ಕೇ ನಿಂತಳು. ಮಲ್ಲಿಗೆ ಕಟ್ಟಲಿ ಎಂದಳು, ಕೂಲಿಯವರ ಕೈಲಿ ಕಟ್ಟಿಸಿ ಎಂದಳು. ಕೊನೆಗೆ ಅಕ್ಕನ ಮುಂದೆ ಕೂತು ಮೆತ್ತಗೆ ಹೇಳಿದಳು:

“ಹಾರ ನಾ ಕಟ್ಟತೀನಿ, ಅಕ್ಕಾ. ದೇವಿ ತಾಯಿ ಇದ್ದಾಳ, ತಿಳಕೋತಾಳ.”

“ಈ ಕೈ ಕೊಟ್ಟಾಕಿ ಆಕಿ. ಆಕಿಗೇ ಮೋಸ ಮಾಡಲೇನು?” ಎಂದಳು ದೊಡ್ಡವ್ವ.

ದೊಡ್ಡಪ್ಪ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದ. ಡಾಕ್ಟರ ಮಾತು ಅವನಿಗೂ ಗೊತ್ತಿತ್ತು. ಬೇಡ ಎಂದು ಒಂದು ಮಾತು ಆಡಿದ್ದರೆ ಆಕೆ ಕೇಳುತ್ತಿದ್ದಳು, ಗಂಡನ ಮಾತು ಮೀರಿದವಳೇ ಅಲ್ಲ. ಮಹಾರಾಯನ ಬಾಯಲ್ಲಿ ಎಲೆ ಅಡಿಕೆ ತುಂಬಿತ್ತು. ಆ ಮೌನಕ್ಕೆ ನಾನು ಇವತ್ತಿಗೂ ಅವನನ್ನು ಕ್ಷಮಿಸಿಲ್ಲ.

ನವರಾತ್ರಿ ಬಂತು, ಗುಡಿಯಲ್ಲಿ ಘಟ ಕೂತಿತು. ದೇವಿ ಕೈ ಕೊಟ್ಟಳೆಂಬ ಸುದ್ದಿ ಹಬ್ಬಿ, ಓಣಿಯ ಹೆಂಗಸರು ಹಾರಕ್ಕಿಂತ ಮೊದಲು ದೊಡ್ಡವ್ವನ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮೂರನೆಯ ಹಾರದ ಹೊತ್ತಿಗೆ ತುರಿಕೆ ಎದ್ದಿತು, ಆಕೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಮುಟ್ಟಲು ಬಂದವರಿಗೆ ಮಡಿಯಲ್ಲಿದ್ದೇನೆ ಎಂದಳು. ಕೊನೆಯ ಹಾರದ ದಾರಕ್ಕೆ ರಕ್ತ ಹತ್ತಿತ್ತು. ಅದನ್ನು ಹರಿದು ಹಾಕಿ, ಬೇರೆ ದಾರ ತೊಗೊಂಡು ಮತ್ತೆ ಮೊದಲಿನಿಂದ ಕಟ್ಟಿದಳು. ಹರಕೆ ತೀರಿತು.

ಈ ಸಲ ಹುಣ್ಣು ಬೆರಳಿಗೆ ನಿಲ್ಲಲಿಲ್ಲ. ಮೊಳಕೈ ತನಕ ಏರಿತು, ಕಣ್ಣರೆಪ್ಪೆ ಬಾತವು. ನಮ್ಮವ್ವ ಪುಣೆಗೆ ಹೋಗಿ ಅಲ್ಲೇ ನಿಂತು, ತಲೆ ಹಿಕ್ಕಿ, ಸೀರೆ ಉಡಿಸಿ, ತುತ್ತು ಮಾಡಿ ಉಣ್ಣಿಸುತ್ತಿದ್ದಳು. ದೀಪಾವಳಿ ಹತ್ತಿರ ಬಂದಿತ್ತು, ಅಂಗಡಿಯಲ್ಲಿ ಕಟ್ಟುವವರು ಸಾಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಉಣ್ಣಿಸುವಾಗ ದೊಡ್ಡಪ್ಪ ಬಾಗಿಲಲ್ಲಿ ಬಂದು ನಿಂತ. ಅವನ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು.

“ಮತ್ತೊಂದು ಹರಕಿ ಹೊರು,” ಎಂದ. “ಒಮ್ಮೆ ಕೊಟ್ಟಾಕಿ ಇನ್ನೊಮ್ಮೆ ಕೊಡಂಗಿಲ್ಲೇನು?”

ದೊಡ್ಡವ್ವ ಬಾಯಲ್ಲಿದ್ದದ್ದನ್ನು ನುಂಗಿದಳು.

“ಬ್ಯಾಡ್ರಿ. ಗುಣ ಆತಂದ್ರ ಮತ್ತ ಕಟ್ಟಬೇಕಾಗ್ತದ.”

ಹಾಗೆಂದು ತಂಗಿಯ ಕಡೆ ತಿರುಗಿ, ಮುಂದಿನ ತುತ್ತಿಗೆ ಬಾಯಿ ತೆರೆದಳು.