ಪೇಲವ ಎಂಬ ಹೊಗಳಿಕೆ

ಆ ವರ್ಷಗಳಲ್ಲಿ ನನಗೆ ನೆನಪಿರುವುದು ದಣಿವೊಂದೇ. ಅಂಕೋಲೆಯ ಮನೆಯಿಂದ ಕಾರವಾರದ ಹೈಸ್ಕೂಲಿಗೆ ದಿನಾ ಬಸ್ಸು. ಅಲ್ಲಿ, ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೆ ಕನ್ನಡ ಪಾಠ. ಬೈತಖೋಲದ ಹತ್ತಿರ ಮೀನಿನ ಲಾರಿಗಳ ಹಿಂದೆ ಬಸ್ಸು ನಿಂತರೆ ಸಾಕು, ಕಂಬಿಗೆ ಹಣೆ ಆನಿಸಿ ನಿಂತಲ್ಲೇ ನಿದ್ದೆ ಹೋಗುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು. ಅದು ಬಸ್ಸಿನ ಸುಸ್ತು ಎಂದು ಎಲ್ಲರೂ ತೀರ್ಮಾನಿಸಿದ್ದರು, ನಾನೂ ಸೇರಿ.

ಈ ನಡುವೆ, ಹುಟ್ಟಾ ಕಪ್ಪಗಿದ್ದ ನಾನು ಬೆಳ್ಳಗಾದೆ. ನನ್ನ ಹೆತ್ತ ಆಯಿ ಹಿಗ್ಗಿ ಹೀರೇಕಾಯಿಯಾದಳು.

"ಅಂತೂ ಕೂಸಿನ ಮುಖ ಬೆಳ್ಳಗಾಜು. ಕಾರವಾರದ ನೀರು ಚೊಲೊ ಹಿಡದ್ದು" ಎಂದು ಬಂದವರಿಗೆಲ್ಲ ಹೇಳಿದಳು.

ಬಣ್ಣ ಕಡಿಮೆ ಎಂದು ಎರಡು ಕಡೆಯಿಂದ ವಾಪಸು ಬಂದಿದ್ದ ನನ್ನ ಜಾತಕ ಮತ್ತೆ ಹೊರಬಿತ್ತು. ಹೊಸ ಸಂಬಂಧದವರು ನೋಡಲು ಬಂದರು. ಹುಡುಗನ ತಾಯಿ, ಪೇಟೆಯಲ್ಲಿ ಇಶಾಡು ಮಾವಿನಹಣ್ಣನ್ನು ತಿರುಗಿಸಿ ನೋಡುವಂತೆ, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಕೂಸಿಗೆ ಬಣ್ಣ ಇದ್ದು" ಅಂದರು. ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ನನಗೆ ಖುಷಿಪಡುವುದಕ್ಕೂ ತ್ರಾಣ ಇರಲಿಲ್ಲ.

ಮರುದಿನ ಶಾಲೆಯಲ್ಲಿ, ನನ್ನ ಪಕ್ಕ ಕೂರುವ ವಿಜ್ಞಾನದ ಟೀಚರು ಮಾತಾಡುತ್ತಲೇ ನನ್ನ ಕೆಳರೆಪ್ಪೆ ಎಳೆದು ನೋಡಿದರು.

"ಮುಖ ಎಷ್ಟು ಪೇಲವ ಆಗಿದೆ ನಿಮ್ದು! ಬೆಳ್ಳಗಾದದ್ದಲ್ಲ ಟೀಚರೇ ಇದು, ಮೈಯಲ್ಲಿ ರಕ್ತವೇ ಇಲ್ಲ."

ಸಂಜೆ ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಪರೀಕ್ಷೆಯೂ ಅದನ್ನೇ ಹೇಳಿತು. ಕಬ್ಬಿಣಾಂಶದ ಮಾತ್ರೆ ಕೊಟ್ಟರು.

ಮನೆಗೆ ಬಂದು ನಿಘಂಟು ತೆಗೆದೆ. ಪೇಲವ ಇಂಗ್ಲಿಷಿನ ಪೇಲ್‌ನಿಂದ ಬಂದಿರಬೇಕು ಎಂದುಕೊಂಡಿದ್ದೆ. ಅಲ್ಲ, ಸಂಸ್ಕೃತದ್ದು. ಮೂಲದಲ್ಲಿ ಮೆದು, ನಾಜೂಕು, ಕೋಮಲ ಎಂದರ್ಥ. ಹೆಣ್ಣಿನ ಮೈಯನ್ನು ಹೊಗಳುವುದಕ್ಕೆ ಒಪ್ಪುವ ಶಬ್ದ. ಕನ್ನಡಕ್ಕೆ ಬಂದು ಕಳೆಗುಂದಿದ ಮುಖಕ್ಕೆ ಅಂಟಿಕೊಂಡಿದೆ. ಯಾವಾಗ, ಹೇಗೆ, ನನಗೆ ತಿಳಿಯದು. ನಮ್ಮ ಮನೆಯಲ್ಲಂತೂ ಇನ್ನೂ ಹಳೆಯ ಅರ್ಥವೇ ನಡೆಯುತ್ತಿತ್ತು.

ಮಾತ್ರೆ ನೋಡಿ ಆಯಿಯ ಮುಖ ಸಣ್ಣದಾಯಿತು.

"ನಿಶ್ಚಯ ಮುಗದ ಮೇಲೆ ತಗ. ಕಬ್ಬಿಣದ ಮಾತ್ರೆ ತಿಂದ್ರೆ ಕಪ್ಪಾಗ್ತಡ."

ಸಿಟ್ಟು ನೆತ್ತಿಗೇರಿತು. ಆದರೆ ಹಿಂದಿನ ಎರಡು ಸಂಬಂಧ ತಪ್ಪಿದಾಗ ನನಗಿಂತ ಹೆಚ್ಚು ಅತ್ತವಳು ಅವಳೇ. ಕೂಗಾಡಲಿಲ್ಲ. ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿ, "ಇಲ್ಲಿ ನೋಡು, ಹೀಗೆ ನೋಡ್ತ" ಎಂದು ತೋರಿಸಲು ಅವಳ ರೆಪ್ಪೆಯನ್ನೇ ಕೆಳಗೆಳೆದೆ.

ಒಳಗೆ ಕೆಂಪೇ ಇರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡಾಗ ನನ್ನದರಲ್ಲಿ ಇದ್ದಷ್ಟೂ ಇರಲಿಲ್ಲ.

ಇವಳು ನನ್ನ ಆಯಿ, ಕೇರಿಯವರೆಲ್ಲ ಬಣ್ಣ ಹೊಗಳುವ ಹೆಂಗಸು. ಎಲ್ಲರ ಊಟವಾದ ಮೇಲೆ ತಳದ ಅನ್ನ ಉಣ್ಣುವವಳು. ಮಧ್ಯಾಹ್ನ ಪಾತ್ರೆ ತೊಳೆಯುತ್ತ ನಡುವೆ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದಳು. ಸೋಮಾರಿತನ ಎಂದು ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದದ್ದು ನೆನಪಾಯಿತು.

ಒಂದು ಮಾತ್ರೆಯನ್ನು ಅವಳೆದುರೇ ನುಂಗಿದೆ. ಇನ್ನೊಂದನ್ನು ಅವಳ ಅಂಗೈಯಲ್ಲಿಟ್ಟೆ. ಆಯಿ ತನ್ನತ್ತಲೇ ಬೆರಳು ಮಾಡಿ ನಕ್ಕುಬಿಟ್ಟಳು.

"ಯಂಗೆ ಎಂತಕ್ಕೆ? ಆನು ಮೊದ್ಲಿಂದ್ಲೂ ಬೆಳ್ಳಗೇ ಇದ್ದಿ."